ಕಾಲು ಸುತ್ತು

ಮಂಜು ಇನ್ನೂ ಅಸ್ಮಾರಾದ ಮೂಡಣ ಅಂಚಿನಲ್ಲಿ ಕೂತಿತ್ತು.
ಅರ್ಸೆಮಾ ಬಂದಳು, ಹೆಗಲಲ್ಲಿ ಹಿಂದಿನ ಗಾಲಿ,
ಮೊಣಕೈಯಲ್ಲಿ ಡಾಂಬರು ಬರೆದ ಗೀರು.
"ಔಟ್ ಬಂದಿದೆ ಅಬೋಯ್, ಬ್ರೇಕಿಗೆ ತಾಗುತ್ತೆ.
ಭಾನುವಾರ ರೇಸು."
ಈ ಊರಲ್ಲಿ ಎಲ್ಲರಿಗೂ ಭಾನುವಾರವೇ ರೇಸು,
ಎಲ್ಲರಿಗೂ ಶುಕ್ರವಾರವೇ ಗಾಲಿಯ ನೆನಪು.

ಅಗ್ಗದ ಗಾಲಿ. ಯಂತ್ರ ಕಟ್ಟಿದ್ದು.
ದುಬೈಯಿಂದ ಯಾರದೋ ಸೂಟ್‌ಕೇಸಿನಲ್ಲಿ
ಮಕ್ಕಳ ಬಟ್ಟೆಗಳ ನಡುವೆ ಮಲಗಿ ಬಂದದ್ದು.
ಸ್ಟಿಕ್ಕರು ಮೊದಲ ಮಳೆಗೇ ಎದ್ದುಹೋಗಿ
ಈಗ ಅದಕ್ಕೆ ಹೆಸರಿಲ್ಲ.
ಮೂವತ್ತೆರಡು ಕಡ್ಡಿ, ಒಂದು ಮುರಿದಿದೆ,
ಹಬ್ಬಿನ ಹತ್ತಿರ, ಅದರ ಮೊಣಕೈಯಲ್ಲೇ.
ಬಿಗಿ ಹೆಚ್ಚಾಗಿ ಮುರಿಯಿತು ಅನ್ನುತ್ತಾರೆ ಹುಡುಗರು.
ಸಡಿಲವಿದ್ದೇ ಮುರಿಯಿತು ಅಂದರೆ ನಂಬುವುದಿಲ್ಲ:
ಸುತ್ತು ಸುತ್ತಿಗೂ ಒಂಚೂರು ಬಾಗಿ, ಒಂಚೂರು ನೆಟ್ಟಗಾಗಿ,
ಒಂದು ದಿನ ಏರಿನಲ್ಲಿ, ಟಕ್.

ಹೊಸ ಕಡ್ಡಿ ಅಂಗಡಿಯಲ್ಲಿಲ್ಲ. ಊರಲ್ಲೂ ಇಲ್ಲ.
ಹಳೆಯದೊಂದನ್ನು ಕತ್ತರಿಸಿ ಥ್ರೆಡ್ ಹಾಕಿದೆ.
ನಿಪ್ಪಲ್ಲಿಗೆ ಅಗಸೆ ಎಣ್ಣೆ, ಒಂದೇ ಹನಿ,
ಇವತ್ತು ಜಾರಲಿಕ್ಕೆ,
ನಾಳೆ ಹಿಡಿದುಕೊಳ್ಳಲಿಕ್ಕೆ.

ನನ್ನ ಸ್ಟ್ಯಾಂಡೆಂದರೆ ಸತ್ತ ಸೈಕಲ್ಲೊಂದರ ಹಿಂಭಾಗ,
ಮೇಜಿಗೆ ಬೋಲ್ಟು ಹೊಡೆದದ್ದು,
ಮೇಣದಲ್ಲಿ ಅಂಟಿಸಿದ ಬೆಂಕಿಕಡ್ಡಿ.
ರಿಮ್ಮು ಬಳುಕಿದಲ್ಲಿ ಅದಕ್ಕೆ ತಾಗಿ ಚರ್ ಅನ್ನುತ್ತದೆ.
ಅನ್ನುತ್ತದಂತೆ.
ನನ್ನ ಎಡಗಿವಿ ನಕ್ಫಾದ ಗುಡ್ಡದಲ್ಲೇ ಉಳಿಯಿತು,
ಬಲಗಿವಿ, ಜೊತೆಯಿಲ್ಲದೆ ಬೇಸರವಾಗಿಯೋ ಏನೋ,
ನಿಧಾನವಾಗಿ ಹಿಂದೆಯೇ ಹೋಯಿತು.
ಈಗ ನನಗೆ ಮಾತೆಂದರೆ ತುಟಿ.

"ನೀನೇ ಮೀಟು" ಅಂದೆ. "ಬಲಗಡೆಯವು ಏರುದನಿ,
ಎಡಗಡೆಯವು ತಗ್ಗು. ಅದಕ್ಕೆ ಇದನ್ನು ಹೋಲಿಸಬೇಡ,
ತಂತಮ್ಮ ಸಾಲಿನಲ್ಲಿ ಹೊಂದಿದರೆ ಸಾಕು."
ಮೀಟಿದಳು, ತಲೆ ವಾರೆ ಮಾಡಿ.
"ಇದು ಅಮ್ಮ ಕರೆದ ಹಾಗಿದೆ.
ಇದೂ.
ಇದು ಕರೆದೂ ಕರೆದೂ ಸಾಕಾಗಿ ಬಿಟ್ಟ ಹಾಗಿದೆ."
ಅಲ್ಲಿಗೆ ಕೀಲಿ ಇಟ್ಟೆ.

ಎಡಕ್ಕೆ ಬಳುಕಿದರೆ ಬಲದ್ದು ಬಿಗಿ, ಎಡದ್ದು ಸಡಿಲ.
ಕಾಲು ಸುತ್ತು, ಅಷ್ಟೆ.
ಅರ್ಧ ಹೋದರೆ ಕಾಲು ಹಿಂದಕ್ಕೆ ಬಾ,
ಇಲ್ಲದಿದ್ದರೆ ಕಡ್ಡಿ ಒಳಗೊಳಗೇ ತಿರುಚಿಕೊಂಡು
ಮುನಿಸು ಇಟ್ಟುಕೊಳ್ಳುತ್ತದೆ,
ನೀನು ಹತ್ತಿ ಕೂತಮೇಲೆ ಕಿಣ್ ಎಂದು ಬಿಚ್ಚುತ್ತದೆ.
ಆಮೇಲೆ ಜೋಡಿ ಜೋಡಿಯಾಗಿ ಮುಷ್ಟಿಯಲ್ಲಿ ಹಿಂಡು.
ಮತ್ತೆ ತಿರುಗಿಸು. ಮತ್ತೆ ನೋಡು.
ಚಹಾ ತಣ್ಣಗಾಯಿತು, ಕುಡಿದೆವು.

ವಾಲ್ವಿನಿಂದ ಏಳನೆಯ ಕಡ್ಡಿಯ ಹತ್ತಿರ ಮಾತ್ರ
ಜಗ್ಗಲಿಲ್ಲ. ಅಲ್ಲಿ ರಿಮ್ಮೇ ಬಾಗಿದೆ.
"ನೆಟ್ಟಗೆ ಮಾಡಬಹುದು" ಅಂದೆ.
"ಆದರೆ ಈ ಒಂದೇ ಕಡ್ಡಿ ಮೂವರ ಹೊರೆ ಎಳೆಯಬೇಕು,
ಪಕ್ಕದ್ದು ಕೈಕಟ್ಟಿ ಕೂರಬೇಕು.
ಇಲ್ಲಿ ನೋಡಲಿಕ್ಕೆ ಚೆಂದ,
ನೆಫಾಸಿತಿನ ಇಳಿಜಾರಿನಲ್ಲಿ ಕೈಕೊಡುತ್ತದೆ."
"ಹಾಗಾದರೆ?"
"ಎಳೆತ ಸಮ ಇರಲಿ. ಕೂದಲೆಳೆಯಷ್ಟು ಡೊಂಕೂ ಇರಲಿ.
ಬ್ರೇಕನ್ನೇ ಕೂದಲೆಳೆಯಷ್ಟು ಅಗಲಿಸೋಣ."
ಅವಳು ನಕ್ಕಳು. "ಸೋತು ಬಂದರೆ
ಗಾಲಿ ಡೊಂಕಿತ್ತು ಅಂತೀನಿ."

ದುಡ್ಡಿನ ಮಾತು ಬರಲಿಲ್ಲ. ಹಿಂಬಾಶಾ ರೊಟ್ಟಿಯ ತುಂಡೊಂದು
ಕಾಗದದಲ್ಲಿ ಸುತ್ತಿ ಮೇಜಿನ ಮೇಲಿತ್ತು.

ಭಾನುವಾರ ತಾಳೆಮರದ ಬೀದಿಯಲ್ಲಿ ನಿಂತಿದ್ದೆ.
ಹುಡುಗಿಯರ ಗುಂಪು ಹಾದುಹೋಯಿತು,
ಸದ್ದಿಲ್ಲದೆ, ನನಗೆ ಎಲ್ಲವೂ ಹಾದುಹೋಗುವ ಹಾಗೆ.
ಮುಖಗಳು ಸಿಗಲಿಲ್ಲ.
ಅಷ್ಟು ಗಾಲಿಗಳಲ್ಲಿ ಒಂದು ಮಾತ್ರ
ಸುತ್ತಿಗೊಮ್ಮೆ ಕಣ್ಣು ಮಿಟುಕಿಸಿತು.
ಗುರುತು ಹಿಡಿದೆ.

ಸೋಮವಾರ ಅವಳು ಮತ್ತೆ ಬಂದು
ಗಾಲಿಯನ್ನು ತಾನೇ ಸ್ಟ್ಯಾಂಡಿಗೆ ಏರಿಸಿದಳು.
ಎಷ್ಟನೆಯವಳಾದೆ ಎಂದು ನಾನು ಕೇಳಲಿಲ್ಲ.
ಗಾಲಿಯತ್ತ ಮುಖಮಾಡಿ ಹೇಳಿದಳೋ ಏನೋ,
ಅದೂ ಕೇಳಲಿಲ್ಲ.
ಒಂದು ಕಡ್ಡಿ ಮೀಟಿದಳು, ಇನ್ನೊಂದು,
ಆಮೇಲೆ ನನ್ನತ್ತ ನೋಡದೆಯೇ
ಕೀಲಿಗೆ ಕೈ ಚಾಚಿದಳು.